‘ವರವೋ ಶಾಪವೋ’ ಸಾಕು: ಅಂತರ್ಜಾಲದ ನಾಳೆಯ ಬಗ್ಗೆ ತರಗತಿಯಲ್ಲಿ ಚರ್ಚೆ ನಡೆಸುವುದು ಹೇಗೆ

ಶಾಲಾ ಚರ್ಚಾಸ್ಪರ್ಧೆಯ ವಿಷಯ ‘ಅಂತರ್ಜಾಲ: ವರವೋ ಶಾಪವೋ’ ಎಂದಿದ್ದರೆ ತೀರ್ಪುಗಾರರಿಗೆ ತಾವು ಏನೇನು ಕೇಳಬೇಕಾಗುತ್ತದೆ ಎಂಬುದು ಕುರ್ಚಿಯಲ್ಲಿ ಕೂರುವ ಮೊದಲೇ ಗೊತ್ತಿರುತ್ತದೆ. ಪರ ಮಾತಾಡುವವರು ‘ಅಂಗೈಯಲ್ಲೇ ಜಗತ್ತು’ ಎನ್ನುತ್ತಾರೆ. ವಿರೋಧ ಮಾತಾಡುವವರು ‘ಯುವಜನತೆ ದಾರಿ ತಪ್ಪುತ್ತಿದೆ’ ಎನ್ನುತ್ತಾರೆ. ಕೊನೆಗೆ ಇಬ್ಬರೂ ‘ಅತಿಯಾದರೆ ಅಮೃತವೂ ವಿಷ’ ಎಂದು ಕೈಮುಗಿದು ಇಳಿಯುತ್ತಾರೆ. ಬರೆದುಕೊಟ್ಟವರು ಮೇಷ್ಟ್ರು, ಬಾಯಿಪಾಠ ಮಾಡಿದವರು ಮಕ್ಕಳು. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವ ಅಗತ್ಯವೇ ಅಲ್ಲಿ ಬೀಳುವುದಿಲ್ಲ.

ವಿಷಯ ನಾಳೆಗೆ ಸಂಬಂಧಿಸಿದ್ದಾದರೆ ತೊಂದರೆ ಇನ್ನೂ ಹೆಚ್ಚು. ಇನ್ನೂ ಆಗಿರದ ಸಂಗತಿಯ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದಲ್ಲ! ಹಾಗಾಗಿ ವಿದ್ಯಾರ್ಥಿಗೆ ಮೊದಲ ದಿನವೇ ಒಂದು ಮಾತು ಸ್ಪಷ್ಟವಾಗಬೇಕು. ಭವಿಷ್ಯ ನುಡಿಯುವುದು ಜ್ಯೋತಿಷಿಯ ಕೆಲಸ. ಚರ್ಚಾಪಟುವಿನ ಕೆಲಸ ‘ಇದಾದರೆ ಅದು, ಅದಾದರೆ ಮತ್ತೊಂದು’ ಎಂಬ ಕಾರಣಗಳ ಸರಪಳಿಯನ್ನು ಕೊಂಡಿಕೊಂಡಿಯಾಗಿ ಕಟ್ಟಿ ತೋರಿಸುವುದು, ಎದುರಾಳಿಯ ಸರಪಳಿಯಲ್ಲಿ ಸಡಿಲಾದ ಕೊಂಡಿ ಯಾವುದೆಂದು ಹುಡುಕುವುದು. ಮುಂದಿನ ಹಂತಗಳೆಲ್ಲ ಇದೊಂದನ್ನು ಕಲಿಸುವುದಕ್ಕಾಗಿಯೇ ಇವೆ.

ಬೇಕಾಗುವುದು

9ನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ, 40ರಿಂದ 50 ಮಕ್ಕಳಿರುವ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಯೋಜನೆ ಮಾಡಲಾಗಿದೆ. 40 ನಿಮಿಷದ 8 ಪೀರಿಯಡ್ ಬೇಕು. ವಾರಕ್ಕೆ ಎರಡರಂತೆ ತೆಗೆದುಕೊಂಡರೆ ಒಂದು ತಿಂಗಳು. ಮೊದಲ ಪೀರಿಯಡ್ ವಿಷಯಕ್ಕೆ, ಎರಡನೆಯದು ತಪ್ಪಿಹೋದ ಭವಿಷ್ಯವಾಣಿಗಳಿಗೆ, 3 ಮತ್ತು 4 ಆಧಾರ ಕಲೆಹಾಕಲು, 5 ಸರಪಳಿಗೆ, 6 ಟಿಪ್ಪಣಿ ಮತ್ತು ಖಂಡನೆಯ ಅಭ್ಯಾಸಕ್ಕೆ, ಕೊನೆಯ ಎರಡು ಚರ್ಚೆಗೆ. ಸಮಯ ಕಡಿಮೆಯಿದ್ದರೆ ಎರಡನೆಯದನ್ನು ಮೊದಲನೆಯದರ ಜೊತೆ ಸೇರಿಸಬಹುದು. ಐದನೆಯದನ್ನು ಮಾತ್ರ ಬಿಡಬೇಡಿ.

ಸಾಮಗ್ರಿ ಹೆಚ್ಚೇನಿಲ್ಲ. ನಾಲ್ಕು ತುಂಡು ಮಾಡಿದ 25 ಎ4 ಹಾಳೆ, ಅಂದರೆ 100 ಕಾರ್ಡು. ಪ್ರತಿ ಮಗುವಿಗೂ ನೀಲಿ ಮತ್ತು ಕೆಂಪು ಪೆನ್ನು. ಒಂದು ಕೈಗಂಟೆ, ಸಮಯ ನೋಡಲು ಒಂದು ಗಡಿಯಾರ, ಒಂದು ದೊಡ್ಡ ಲಕೋಟೆ. ಪ್ರೊಜೆಕ್ಟರ್ ಇಲ್ಲದಿದ್ದರೆ ಒಳ್ಳೆಯದೇ, ಮಕ್ಕಳು ಪರದೆ ನೋಡುವ ಬದಲು ಮಾತಾಡುವವರ ಮುಖ ನೋಡುತ್ತಾರೆ.

ವಿಷಯವನ್ನು ಹೊಸೆಯುವುದು

ಅರ್ಧ ಚರ್ಚೆ ಗೆಲ್ಲುವುದು, ಸೋಲುವುದು ವಿಷಯದ ವಾಕ್ಯದಲ್ಲೇ. ವಾಕ್ಯ ಸಿದ್ಧವಾದ ಮೇಲೆ ಮೂರು ಪ್ರಶ್ನೆ ಹಾಕಿ. ಯಾರು ಮಾಡಬೇಕು, ಅಥವಾ ಯಾರಿಗೆ ಆಗುತ್ತದೆ? ಯಾವಾಗಿನೊಳಗೆ? ತಿಳಿವಳಿಕೆಯುಳ್ಳ ಜನ ಈ ಪ್ರಶ್ನೆಯ ಎರಡೂ ಬದಿಯಲ್ಲಿ ನಿಜವಾಗಿ ಇದ್ದಾರೆಯೇ? ಮೂರಕ್ಕೂ ಉತ್ತರ ಸಿಗದಿದ್ದರೆ ವಾಕ್ಯವನ್ನು ಅಳಿಸಿ ಮತ್ತೆ ಬರೆಯಿರಿ.

‘ಸಾಮಾಜಿಕ ಜಾಲತಾಣಗಳಿಂದ ಮಕ್ಕಳಿಗೆ ಹಾನಿ’ ಎಂಬ ವಾಕ್ಯಕ್ಕೆ ಯಾರು, ಯಾವಾಗ ಎರಡೂ ಇಲ್ಲ. ಅದನ್ನೇ ‘16 ವರ್ಷದೊಳಗಿನವರು ಸಾಮಾಜಿಕ ಜಾಲತಾಣದಲ್ಲಿ ಖಾತೆ ಹೊಂದದಂತೆ ಭಾರತ ಕಾನೂನು ಮಾಡಬೇಕು’ ಎಂದು ತಿರುಗಿಸಿದರೆ ಕೂಡಲೇ ಜೀವ ಬರುತ್ತದೆ. ಆಸ್ಟ್ರೇಲಿಯಾ ಇಂಥ ಕಾನೂನನ್ನು 2024ರ ನವೆಂಬರ್‌ನಲ್ಲಿ ಅಂಗೀಕರಿಸಿ 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿದೆ. ಅಲ್ಲಿ ದಂಡ ಬೀಳುವುದು ಕಂಪನಿಗಳಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮಗುವಿಗೂ ಇಲ್ಲ, ಹೆತ್ತವರಿಗೂ ಇಲ್ಲ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬೇರೆ ದಾರಿ ಹಿಡಿದಿದೆ. 18 ತುಂಬದವರನ್ನೆಲ್ಲ ಮಕ್ಕಳೆಂದು ಎಣಿಸಿ, ಅವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ನಿಷೇಧವೋ ಒಪ್ಪಿಗೆಯೋ ಎಂಬಲ್ಲಿಗೆ ಚರ್ಚೆ ತಾನಾಗಿ ಬಂದು ನಿಲ್ಲುತ್ತದೆ.

ಇನ್ನಷ್ಟು ವಿಷಯಗಳು ಹೀಗಿರಬಹುದು. ‘ಗ್ರಾಮ ಪಂಚಾಯಿತಿಯ ಎಲ್ಲ ಸೇವೆಗಳೂ 2035ರೊಳಗೆ ಆನ್‌ಲೈನ್‌ನಲ್ಲಿ ಮಾತ್ರ ಸಿಗುವಂತಾಗಬೇಕು.’ ‘ವಿಧಾನಸಭಾ ಚುನಾವಣೆಯಲ್ಲಿ ಮೊಬೈಲ್ ಮೂಲಕ ಮತ ಹಾಕಲು ಅವಕಾಶ ಕೊಡಬೇಕು’: ಎಸ್ಟೋನಿಯಾ 2005ರಿಂದ ಅಂತರ್ಜಾಲದ ಮೂಲಕ ಮತದಾನ ನಡೆಸುತ್ತಿದೆ, ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ಅಲ್ಲಿ ಬಳಸಿದ್ದ ಮತಯಂತ್ರಗಳನ್ನೇ ಒಪ್ಪಲಿಲ್ಲ, ಎರಡೂ ಕಡೆಗೆ ಬೇಕಾದಷ್ಟು ಮೇವಿದೆ. ‘ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ 10ರವರೆಗೆ ಫೋನ್ ತೆಗೆದಿಡುವುದು ಸರಿ’: ಕೇರಳ ಹೈಕೋರ್ಟ್ 2019ರಲ್ಲಿ ಇಂಥದೇ ಪ್ರಕರಣದಲ್ಲಿ ಅಂತರ್ಜಾಲದ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದಿತು. ‘ಗಲಭೆಯ ಭೀತಿ ಇದ್ದಾಗ ಜಿಲ್ಲೆಯ ಇಂಟರ್ನೆಟ್ ಕಡಿತ ಮಾಡುವುದು ಸರಿ’: ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅನಿರ್ದಿಷ್ಟ ಕಾಲದ ಕಡಿತ ಸಲ್ಲದು ಎಂದಿದೆ, ಆದರೆ ಕಡಿತವೇ ಕೂಡದು ಎಂದಿಲ್ಲ. ಆ ಸಂದಿಯಲ್ಲೇ ಚರ್ಚೆ ಇರುವುದು.

ಗಮನಿಸಿ, ಇವೆಲ್ಲ ‘ಮಾಡಬೇಕು’, ‘ಸರಿ’ ಎಂದು ಮುಗಿಯುವ ವಾಕ್ಯಗಳು. ‘2040ರ ಹೊತ್ತಿಗೆ ಕನ್ನಡದಲ್ಲಿ ಬರೆಯುವವರ ಪ್ರಮಾಣವನ್ನು ಅಂತರ್ಜಾಲ ಹೆಚ್ಚಿಸಿರುತ್ತದೆ’ ಎಂಬಂಥ ‘ಆಗುತ್ತದೆ’ ವಾಕ್ಯಗಳೂ ಇವೆ. ಅವು ಚೆಲುವಾದವು, ಆದರೆ ಕಷ್ಟದವು. ಮೊದಲ ಸಲ ಚರ್ಚಿಸುವವರ ಕೈಗೆ ಅವನ್ನು ಕೊಟ್ಟರೆ ‘ಆಗುತ್ತದೆ’, ‘ಆಗುವುದಿಲ್ಲ’ ಎಂದು ಹಗ್ಗಜಗ್ಗಾಟವಾಗಿ ಮುಗಿಯುತ್ತದೆ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ತಪ್ಪಿಹೋದ ಭವಿಷ್ಯವಾಣಿಗಳ ಪೀರಿಯಡ್

ಬೋರ್ಡಿನ ಮೇಲೆ ವರ್ಷ ಮತ್ತು ಹೇಳಿಕೆ ಮಾತ್ರ ಬರೆಯಿರಿ, ಹೇಳಿದವರ ಹೆಸರು ಬೇಡ. ನಿಜವಾಯಿತೋ ಇಲ್ಲವೋ ಎಂದು ಕೈ ಎತ್ತಿಸಿ. ಆಮೇಲೆ ಹೆಸರು ಹೇಳಿ.

ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಈಥರ್‌ನೆಟ್ ತಂತ್ರಜ್ಞಾನ ರೂಪಿಸಿದವರಲ್ಲಿ ಒಬ್ಬರಾದ ರಾಬರ್ಟ್ ಮೆಟ್‌ಕಾಫ್ 1995ರ ಕೊನೆಯಲ್ಲಿ, ಮುಂದಿನ ವರ್ಷವೇ ಇಂಟರ್ನೆಟ್ ಕುಸಿದು ಬೀಳುತ್ತದೆ ಎಂದು ಅಂಕಣದಲ್ಲಿ ಬರೆದರು. ಬೀಳಲಿಲ್ಲ. 1997ರಲ್ಲಿ ಅವರು ಸಮ್ಮೇಳನವೊಂದರ ವೇದಿಕೆಯಲ್ಲಿ ಆ ಅಂಕಣದ ಹಾಳೆಯನ್ನು ನೀರಿನೊಂದಿಗೆ ಮಿಕ್ಸಿಗೆ ಹಾಕಿ ಅರೆದು, ಎಲ್ಲರೆದುರು ಸೇವಿಸಿದರು. (ಇದನ್ನು ಕೇಳಿದ ಮೇಲೆ ಯಾವ ತರಗತಿಯೂ ನಿದ್ದೆ ಮಾಡುವುದಿಲ್ಲ.) ಪಾಲ್ ಕ್ರುಗ್‌ಮನ್ 1998ರಲ್ಲಿ, 2005ರ ಹೊತ್ತಿಗೆ ಅರ್ಥವ್ಯವಸ್ಥೆಯ ಮೇಲೆ ಇಂಟರ್ನೆಟ್‌ನ ಪ್ರಭಾವ ಫ್ಯಾಕ್ಸ್ ಯಂತ್ರದ್ದಕ್ಕಿಂತ ಹೆಚ್ಚೇನೂ ಇರುವುದಿಲ್ಲ ಎಂದಿದ್ದರು. ಹತ್ತು ವರ್ಷದ ನಂತರ, 2008ರಲ್ಲಿ, ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಬೇರೆ ಕೆಲಸಕ್ಕೆ. ಜಾಣರೂ ತಪ್ಪುತ್ತಾರೆ ಎಂಬುದಷ್ಟೇ ಇಲ್ಲಿನ ಪಾಠವಾದರೆ ಸಾಲದು. ಯಾವ ಕೊಂಡಿಯಲ್ಲಿ ತಪ್ಪಿದರು ಎಂದು ಕೇಳಿ. ದಟ್ಟಣೆ ಬೆಳೆಯುವ ವೇಗವನ್ನು ಮೆಟ್‌ಕಾಫ್ ಸರಿಯಾಗಿಯೇ ಕಂಡಿದ್ದರು; ಸಾಮರ್ಥ್ಯವೂ ಅದರ ಜೊತೆಜೊತೆಗೆ ಬೆಳೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಈಗ ವಿರುದ್ಧ ದಿಕ್ಕಿನ ತಪ್ಪು. ಅಂತರ್ಜಾಲದ ತಂತಿಯಲ್ಲೇ ಕೆಲಸ ಸಾಗುವುದಾದರೆ ಯಾರು ಎಲ್ಲಿ ಬೇಕಾದರೂ ಕೂತು ದುಡಿಯಬಹುದು, ದೊಡ್ಡ ನಗರಗಳು ಬೇಡವಾಗುತ್ತವೆ ಎಂಬ ಮಾತು 1990ರ ದಶಕದಲ್ಲಿ ಬಲವಾಗಿತ್ತು. ತಂತಿಯ ಮೇಲೆ ಜಗತ್ತಿಗೆ ಕೆಲಸ ಮಾಡಿಕೊಡುವ ಊರೇ ಬೆಂಗಳೂರು. 2001ರ ಜನಗಣತಿಯಲ್ಲಿ ಸುಮಾರು 57 ಲಕ್ಷವಿದ್ದ ಅದರ ನಗರ ಪ್ರದೇಶದ ಜನಸಂಖ್ಯೆ 2011ಕ್ಕೆ 85 ಲಕ್ಷದ ಆಸುಪಾಸಿಗೆ ಬಂತು. ಏಕೆ ಹೀಗಾಯಿತು ಎಂದು ಐದು ನಿಮಿಷ ಮಾತಾಡಲು ಬಿಡಿ. ಕೆಲಸ ಕೊಡುವವರೂ ಕೆಲಸ ಹುಡುಕುವವರೂ ಒಂದೇ ಕಡೆ ಸೇರುತ್ತಾರೆ ಎಂಬ ಉತ್ತರ ಯಾರಿಂದಲಾದರೂ ಬಂದೇ ಬರುತ್ತದೆ.

ಹಳ್ಳಿಯ ಮಕ್ಕಳಿಗೆ ಪಹಣಿಯ ಉದಾಹರಣೆ ಇನ್ನೂ ಹತ್ತಿರ. ರಾಜ್ಯದ ‘ಭೂಮಿ’ ಯೋಜನೆ 2000ದ ಹೊತ್ತಿನಲ್ಲಿ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಕ್ಕೆ ಕಾಯುವುದು ತಪ್ಪಿತು, 15 ರೂಪಾಯಿಗೆ ಮುದ್ರಿತ ಪಹಣಿ ಸಿಕ್ಕಿತು. ಆದರೆ ಆ ಕಿಂಡಿ ಇದ್ದದ್ದು ತಾಲ್ಲೂಕು ಕಚೇರಿಯಲ್ಲಿ, ಬಸ್ಸು ಹತ್ತಿ ಹೋಗಬೇಕಿತ್ತು. ಕಾಗದ ಉಳಿಯಿತು, ಸಾಲು ಉಳಿಯಿತು, ಅಧಿಕಾರ ಮಾತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು. ‘ಯಾರ ಕೈಯಿಂದ ಯಾರ ಕೈಗೆ?’ ಎಂಬ ಈ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು ತಿಂಗಳಿಡೀ ಅಳಿಸಬೇಡಿ.

ಆಧಾರ ಕಲೆಹಾಕುವುದು

ಪ್ರತಿಯೊಬ್ಬರಿಗೂ ಎರಡು ಕಾರ್ಡು. ಪ್ರತಿ ಕಾರ್ಡಿನಲ್ಲಿ ಐದು ಸಾಲು: ಸಂಗತಿ ಏನು, ಹೇಳಿದವರು ಯಾರು, ಯಾವ ವರ್ಷದ್ದು, ಯಾರನ್ನು ಅಳೆದದ್ದು, ಏನನ್ನು ಅಳೆದಿಲ್ಲ. ಕೊನೆಯ ಸಾಲು ಖಾಲಿ ಇರುವ ಕಾರ್ಡನ್ನು ಚರ್ಚೆಯಲ್ಲಿ ಬಳಸುವಂತಿಲ್ಲ. ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ಐದನೇ ಸಾಲಿನ ಬೆಲೆ ತಿಳಿಸಲು ಹಳ್ಳಿ ಮಕ್ಕಳ ಶಿಕ್ಷಣದ ಸಮೀಕ್ಷೆಯಾದ ಅಸರ್‌ನ 2024ರ ಅಂಕಿಗಳನ್ನು ತೆಗೆದುಕೊಳ್ಳಿ. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಸುಮಾರು 90 ಶೇಕಡಾ ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಬಳಸಲು ಬರುತ್ತದೆ ಎಂದವರು 82.2 ಶೇಕಡಾ. ಬಳಸಲು ಬರುವವರಲ್ಲಿ ಸ್ವಂತ ಫೋನ್ ಇರುವವರು 31 ಶೇಕಡಾದಷ್ಟು. ಮನೆಯಲ್ಲಿರುವುದು, ಬಳಸಲು ಬರುವುದು, ಸ್ವಂತದ್ದಿರುವುದು ಮೂರೂ ಬೇರೆ ಬೇರೆ. ‘90 ಶೇಕಡಾ ಮಕ್ಕಳ ಕೈಯಲ್ಲಿ ಫೋನ್ ಇದೆ’ ಎಂದು ಹೇಳುವ ಭಾಷಣಕಾರ ಈ ಒಂದೇ ಜಿಗಿತದಲ್ಲಿ ಸೋಲುತ್ತಾನೆ, ಎದುರಾಳಿಯ ಬಳಿ ಅದೇ ಕಾರ್ಡು ಇದ್ದರೆ. ಜೊತೆಗೆ ಇದು ಹಳ್ಳಿಗಳ ಅಂಕಿ, ಪಟ್ಟಣದ್ದಲ್ಲ.

ಶಾಲೆಯಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ಆಧಾರಕ್ಕೆ ಬರವಿಲ್ಲ. ತೀರ್ಪುಗಳ, ಕಾಯ್ದೆಗಳ ತಿರುಳನ್ನು ನೀವು ಒಂದು ಪುಟಕ್ಕೆ ಇಳಿಸಿ ಐದು ಪ್ರತಿ ತೆಗೆಸಿ ಹಂಚಿ. ಮಿಕ್ಕದ್ದನ್ನು ಮಕ್ಕಳೇ ಊರಿನಿಂದ ತರಲಿ. ಸಂತೆಯಲ್ಲಿ 20 ಅಂಗಡಿ ಎಣಿಸಿದರೆ ಎಷ್ಟರಲ್ಲಿ ಕ್ಯೂಆರ್ ಕೋಡ್ ಇದೆ? ತರಕಾರಿ ಮಾರುವ ಅಜ್ಜಿಯ ಹಣ ಯಾರ ಖಾತೆಗೆ ಹೋಗುತ್ತದೆ, ಅವರದ್ದಕ್ಕೋ ಮಗನದ್ದಕ್ಕೋ? ಪಡಿತರ ಅಂಗಡಿಯಲ್ಲಿ ಬೆರಳಚ್ಚು ತಗುಲದೆ ವಾಪಸು ಹೋದವರು ಇದ್ದಾರೆಯೇ? ಇಂಥ ಎಣಿಕೆ ‘ನಮ್ಮೂರಿನ 20 ಅಂಗಡಿ, ಇಂಥ ದಿನ’ ಎಂಬ ಮಿತಿಯೊಂದಿಗೆ ಕಾರ್ಡಿಗೆ ಬಂದರೆ ಒಳ್ಳೆಯ ಆಧಾರವೇ. ರಾಜ್ಯಕ್ಕೆಲ್ಲ ಅನ್ವಯಿಸಿದರೆ ಕೆಟ್ಟ ಆಧಾರ.

‘ಸಂಶೋಧನೆಯೊಂದರ ಪ್ರಕಾರ’ ಎಂದು ಶುರುವಾಗುವ ವಾಕ್ಯಗಳಿಗೆ ಪೂರ್ಣ ನಿಷೇಧ ಹಾಕಿ. ಯಾವ ಸಂಶೋಧನೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಸರಪಳಿ ಕಟ್ಟುವುದು

ಐದನೇ ಪೀರಿಯಡ್. ಉದ್ದ ಕಾಗದದ ಪಟ್ಟಿಗಳ ಮೇಲೆ ಒಂದೊಂದು ವಾಕ್ಯ ಬರೆಸಿ, ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಿಂದ ಸಾಲಾಗಿ ಸಿಕ್ಕಿಸಿ. 16 ವರ್ಷದ ಕಾನೂನಿನ ಪರ ಸರಪಳಿ ಹೀಗೆ ಬರಬಹುದು: ಕಾನೂನು ಬಂದರೆ ಕಂಪನಿ ವಯಸ್ಸು ಪರೀಕ್ಷಿಸಲೇಬೇಕು → ಮಕ್ಕಳ ಖಾತೆ ಕಡಿಮೆಯಾಗುತ್ತವೆ → ‘ಎಲ್ಲರೂ ಅಲ್ಲಿದ್ದಾರೆ, ನಾನೊಬ್ಬನೇ ಇಲ್ಲ’ ಎಂಬ ಒತ್ತಡ ಇಳಿಯುತ್ತದೆ → ರಾತ್ರಿ ಫೋನ್ ಹಿಡಿಯುವುದು ಕಡಿಮೆಯಾಗುತ್ತದೆ → ನಿದ್ದೆಗೂ ಓದಿಗೂ ಸಮಯ ಸಿಗುತ್ತದೆ.

ಈಗ ಇನ್ನೊಂದು ಗುಂಪು ಕೆಂಪು ಪೆನ್ನು ಹಿಡಿದು ಕೊಂಡಿಗಳನ್ನು ಜಗ್ಗಲಿ. ಮೊದಲ ಕೊಂಡಿಯಲ್ಲೇ ಬಿರುಕಿದೆ. ಮನೆಯ ಫೋನ್ ಅಪ್ಪನದು, ಖಾತೆಯೂ ಅಪ್ಪನದು, ನೋಡುವವಳು ಮಗಳು. ಕಂಪನಿ ಯಾರ ವಯಸ್ಸು ಪರೀಕ್ಷಿಸಬೇಕು? ಅಸರ್ ಕಾರ್ಡು ಇಲ್ಲಿ ಕೆಲಸಕ್ಕೆ ಬರುತ್ತದೆ. ನಾಲ್ಕನೆಯದರಲ್ಲೂ ಸಂದೇಹ ಇದೆ: ಖಾತೆ ಹೋದರೆ ಫೋನ್ ಹೋಗುವುದಿಲ್ಲ, ಅದೇ ಸಮಯ ಆಟಕ್ಕೆ ಹರಿದುಹೋಗಬಹುದು. ಹಾಗೆಂದು ಎಲ್ಲ ಕೊಂಡಿಗಳಿಗೂ ಕೈ ಹಾಕುವುದು ಬೇಡ. ಒಂದೇ ಕೊಂಡಿ ಕಳಚಿದರೂ ಸರಪಳಿ ಬೀಳುತ್ತದೆ. ಐದನ್ನು ಮುಟ್ಟಿ ಒಂದನ್ನೂ ಕಳಚದವರು ಸಮಯ ಕಳೆದುಕೊಂಡು ಸೋಲುತ್ತಾರೆ. ಮೂರಕ್ಕಿಂತ ಕಡಿಮೆ ಕೊಂಡಿ ಇದ್ದರೆ ಅದು ಘೋಷಣೆ, ಆರು ದಾಟಿದರೆ ಯಾರೂ ನಂಬುವುದಿಲ್ಲ.

ನಂಬುವುದಿಲ್ಲ ಏಕೆ ಎಂಬುದಕ್ಕೆ ಗಣಿತದ ಮೇಷ್ಟ್ರನ್ನು ಕರೆಯಿರಿ. ಪ್ರತಿ ಕೊಂಡಿಯೂ ನಿಜವಾಗುವ ಸಾಧ್ಯತೆ 100ಕ್ಕೆ 80 ಎಂದಿಟ್ಟುಕೊಳ್ಳಿ. ಐದು ಕೊಂಡಿಗಳೂ ನಿಜವಾಗುವ ಸಾಧ್ಯತೆ 0.8ನ್ನು ಐದು ಸಲ ಗುಣಿಸಿದಷ್ಟು, ಅಂದರೆ 100ಕ್ಕೆ ಸುಮಾರು 33 ಮಾತ್ರ. ನಾಳೆಯ ಬಗ್ಗೆ ಗಟ್ಟಿ ಗಂಟಲಿನಲ್ಲಿ ಮಾತಾಡುವವರನ್ನು ನೋಡಿ ಹೆದರುತ್ತಿದ್ದ ಮಗುವಿಗೆ ಈ ಗುಣಾಕಾರ ದೊಡ್ಡ ಧೈರ್ಯ ಕೊಡುತ್ತದೆ.

ಪರ, ವಿರೋಧ ಯಾರಿಗೆ ಯಾವುದು ಎಂದು ಈಗಲೇ ಹೇಳಬೇಡಿ. ಎಲ್ಲರೂ ಎರಡೂ ಕಡೆಯ ಸರಪಳಿ ಬರೆಯಲಿ. ಚರ್ಚೆಯ ದಿನ ಗಂಟೆ ಹೊಡೆಯುವ 10 ನಿಮಿಷ ಮೊದಲು ನಾಣ್ಯ ಚಿಮ್ಮಿಸಿ ಪಕ್ಷ ನಿರ್ಧರಿಸಿ. ಬಾಯಿಪಾಠಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಟಿಪ್ಪಣಿ ಮತ್ತು ಖಂಡನೆ

ನೋಟ್‌ಬುಕ್ ಬಿಚ್ಚಿ ಎರಡು ಪುಟ ಸೇರಿಸಿ ಆರು ಕಂಬ ಎಳೆಯಿರಿ: ಪರ 1, ವಿರೋಧ 1, ಪರ 2, ವಿರೋಧ 2, ಪರ 3, ವಿರೋಧ 3. ಪರ ನೀಲಿಯಲ್ಲಿ, ವಿರೋಧ ಕೆಂಪಿನಲ್ಲಿ. ಒಂದು ಅಂಶಕ್ಕೆ ಎರಡು ಮೂರು ಪದ ಸಾಕು. ಉತ್ತರ ಬಂದರೆ ಮೂಲ ಅಂಶದಿಂದ ಉತ್ತರಕ್ಕೆ ಬಾಣ ಎಳೆಯಬೇಕು. ಉತ್ತರ ಬಾರದೆ ಉಳಿದದ್ದಕ್ಕೆ ಕೊನೆಯಲ್ಲಿ ಸುತ್ತು ಹಾಕಬೇಕು. ಸುತ್ತು ಬಿದ್ದ ಅಂಶಗಳೇ ತೀರ್ಪು. ವೇದಿಕೆ ಹತ್ತದ 30ಕ್ಕೂ ಹೆಚ್ಚು ಮಕ್ಕಳಿಗೆ ಇದೇ ಕೆಲಸ. ಹಾಳೆಗೆ ಅಂಕ ಇದೆ ಎಂದು ಮೊದಲೇ ಹೇಳಿ. ಮೊದಲ ಸಲ ಎಲ್ಲರೂ ಪೂರ್ಣ ವಾಕ್ಯ ಬರೆಯಲು ಹೋಗಿ ಎರಡನೇ ನಿಮಿಷಕ್ಕೆ ಹಿಂದೆ ಬೀಳುತ್ತಾರೆ. ಪಠ್ಯಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದಿ, ‘ಹತ್ತೇ ಪದಗಳಲ್ಲಿ ಹಿಡಿಯಿರಿ’ ಎಂದು ಎರಡು ಸಲ ಅಭ್ಯಾಸ ಮಾಡಿಸಿದರೆ ಕೈ ಪಳಗುತ್ತದೆ.

ಖಂಡನೆಗೆ ನಮ್ಮಲ್ಲಿ ಹಳೆಯ ಶಿಸ್ತೊಂದಿದೆ. ಶಾಸ್ತ್ರಗ್ರಂಥಗಳಲ್ಲಿ ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಾಳಿಯ ವಾದವನ್ನು ಅವನೇ ಹೌದೆನ್ನುವ ಹಾಗೆ ಹೇಳಿದ ಮೇಲಷ್ಟೇ ಅದನ್ನು ಮುರಿಯಲು ಹಕ್ಕು. ಕರಾವಳಿಯ ಶಾಲೆಯಾದರೆ ತಾಳಮದ್ದಳೆಯನ್ನು ನೆನಪಿಸಿ: ಅಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗೆ ಬರೆದಿಟ್ಟ ಮಾತಿಲ್ಲ, ಎದುರಿನವನು ಬಿಟ್ಟ ಪದವನ್ನೇ ಹಿಡಿದು ತಿರುಗಿಸಬೇಕು. ತರಗತಿಗೆ ಇದನ್ನು ನಾಲ್ಕು ವಾಕ್ಯಗಳ ಅಚ್ಚಿಗೆ ಇಳಿಸಬಹುದು. ‘ನೀವು ಹೇಳಿದ್ದು ಇದು.’ ‘ಇದರಲ್ಲಿ ಈ ಕೊಂಡಿ ನಿಲ್ಲುವುದಿಲ್ಲ.’ ‘ಏಕೆಂದರೆ…’ ‘ಹಾಗಾಗಿ ಕೊನೆಗೆ ಆಗುವುದು…’

ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ. ಒಬ್ಬರು 30 ಸೆಕೆಂಡ್ ವಾದ ಹೇಳಲಿ, ಇನ್ನೊಬ್ಬರು 60 ಸೆಕೆಂಡ್‌ನಲ್ಲಿ ಈ ಅಚ್ಚಿನಲ್ಲಿ ಉತ್ತರಿಸಲಿ. ಮೊದಲ ವಾಕ್ಯ ಕೇಳಿ ಎದುರಾಳಿ ‘ನಾನು ಹಾಗೆ ಹೇಳಲಿಲ್ಲ’ ಎಂದರೆ ಮತ್ತೆ ಮೊದಲಿನಿಂದ. 15 ನಿಮಿಷದಲ್ಲಿ ಇಡೀ ತರಗತಿ ಏಳೆಂಟು ಸುತ್ತು ಮುಗಿಸುತ್ತದೆ. ಗಲಾಟೆ ಆಗುತ್ತದೆ, ಪಕ್ಕದ ತರಗತಿಯವರಿಗೆ ಮೊದಲೇ ತಿಳಿಸಿಡಿ.

ಭಾಷೆಯ ಬಗ್ಗೆ ಒಂದು ಮಾತು. ಮಗು ಮನೆಯಲ್ಲಿ ಆಡುವ ಕನ್ನಡದಲ್ಲೇ ವಾದಿಸಲಿ, ಅದು ಕಲಬುರಗಿಯದಿರಲಿ, ಕುಂದಾಪುರದ್ದಿರಲಿ. ಗ್ರಾಂಥಿಕ ಭಾಷೆಗೆ ಒತ್ತಾಯಿಸಿದರೆ ಯೋಚನೆ ನಿಂತು ನೆನಪು ಶುರುವಾಗುತ್ತದೆ. ಅಲ್ಗಾರಿದಂ, ಡೇಟಾ, ಫಾರ್ವರ್ಡ್ ಎಂಬ ಪದಗಳನ್ನು ಹಾಗೆಯೇ ಬಳಸಲಿ, ಆದರೆ ಮೊದಲ ಸಲ ಬಳಸುವಾಗ ಒಂದು ವಾಕ್ಯದಲ್ಲಿ ಏನೆಂದು ಹೇಳಬೇಕು. ಹೇಳಲು ಬಾರದಿದ್ದರೆ ಆ ಪದ ಅವರದಲ್ಲ.

ಚರ್ಚೆಯ ದಿನ

ಒಂದು ಪಕ್ಷಕ್ಕೆ ಮೂವರು. ಮೊದಲ ಭಾಷಣಕಾರರಿಗೆ 3 ನಿಮಿಷ. ಈ ಇಬ್ಬರಲ್ಲಿ ಒಬ್ಬೊಬ್ಬರ ಭಾಷಣ ಮುಗಿದ ಕೂಡಲೇ ಎದುರು ಪಕ್ಷದ ಮೂರನೆಯವರು 2 ನಿಮಿಷ ಪ್ರಶ್ನೆ ಕೇಳಬೇಕು. ಎರಡನೆಯವರಿಗೆ ಮತ್ತೆ 3 ನಿಮಿಷ, ಅದರಲ್ಲಿ ಕನಿಷ್ಠ ಅರ್ಧ ಖಂಡನೆ. ಆಮೇಲೆ ಎರಡೂ ಪಕ್ಷಕ್ಕೆ ಒಟ್ಟಿಗೆ 2 ನಿಮಿಷ ಪಿಸುಮಾತಿನ ಸಮಾಲೋಚನೆ. ಕೊನೆಗೆ ಮೂರನೆಯವರಿಗೆ 2 ನಿಮಿಷ. ಹೊಸ ಅಂಶ ತರುವಂತಿಲ್ಲ, ಯಾವ ಕೊಂಡಿ ಉಳಿಯಿತು, ಯಾವುದು ಮುರಿಯಿತು ಎಂದಷ್ಟೇ ಹೇಳಬೇಕು. ಒಟ್ಟು 22 ನಿಮಿಷ. ಕೂರಿಸಲು 3, ಟಿಪ್ಪಣಿ ನೋಡಿ ತೀರ್ಪು ಬರೆಯಲು 5, ಮಾತುಕತೆಗೆ 10. ಪೀರಿಯಡ್ ಸರಿಯಾಗಿ ತುಂಬುತ್ತದೆ. ಸಮಯ ಮುಗಿಯುವ 30 ಸೆಕೆಂಡ್ ಮೊದಲು ಒಂದು ಗಂಟೆ, ಮುಗಿದಾಗ ಎರಡು. 15 ಸೆಕೆಂಡ್ ದಾಟಿದರೆ ಮೈಕ್ ಇದ್ದರೂ ಇಲ್ಲದಿದ್ದರೂ ಮಾತು ನಿಲ್ಲಬೇಕು. 3 ನಿಮಿಷಕ್ಕೆ 300 ಪದಕ್ಕಿಂತ ಹೆಚ್ಚು ಬರೆದುಕೊಂಡವರು ಓಡುತ್ತಾರೆ, ಕೇಳುವವರು ಹಿಂದೆ ಉಳಿಯುತ್ತಾರೆ.

‘ವೇದಿಕೆಯ ಮೇಲೆ ಆಸೀನರಾಗಿರುವ…’ ಎಂಬ ದೀರ್ಘ ಸಂಬೋಧನೆಗೆ 30 ಸೆಕೆಂಡ್ ಹೋಗುತ್ತದೆ. ‘ಎಲ್ಲರಿಗೂ ನಮಸ್ಕಾರ’ ಸಾಕು. ಮಧ್ಯೆ ಶರಣರ ವಚನವೋ ಮಂಕುತಿಮ್ಮನ ಪದ್ಯವೋ ಬಂದರೆ ಅದು ಯಾವ ಕೊಂಡಿಗೆ ಆಸರೆ ಎಂದು ಕೇಳುವ ಹಕ್ಕು ಪ್ರಶ್ನಿಸುವವರಿಗೆ ಇರಲಿ.

ಅಂಕಪಟ್ಟಿ 30ಕ್ಕೆ: ಸರಪಳಿಗೆ 10, ಖಂಡನೆಗೆ 10, ಆಧಾರಕ್ಕೆ 6, ಮಂಡನೆಯ ಸೊಗಸಿಗೆ 4. ಸೊಗಸಿಗೆ ಒಟ್ಟು ಅಂಕದ ಅರ್ಧ ಇಟ್ಟ ಕಡೆಯಲ್ಲೆಲ್ಲ ಗಟ್ಟಿ ದನಿಯವರೇ ಗೆಲ್ಲುತ್ತಾರೆ, ಮಿಕ್ಕವರು ಮುಂದಿನ ವರ್ಷ ಹೆಸರು ಕೊಡುವುದಿಲ್ಲ.

ಎಲ್ಲಿ ಕೆಡುತ್ತದೆ

ಎಐ ಬರೆದುಕೊಟ್ಟ ಭಾಷಣ ಈಗ ಮೇಷ್ಟ್ರು ಬರೆದುಕೊಟ್ಟದ್ದರ ಜಾಗಕ್ಕೆ ಬಂದಿದೆ. ಗುರುತಿಸುವುದು ಸುಲಭ: ಎಲ್ಲ ಕಡೆಗೂ ಸಮವಾಗಿ ತೂಗುತ್ತದೆ, ಊರಿನ ಹೆಸರಿರುವುದಿಲ್ಲ, ಅಂಕಿಗಳಿಗೆ ಮೂಲ ಇರುವುದಿಲ್ಲ, ಕೆಲವೊಮ್ಮೆ ಇಲ್ಲದ ಮೂಲವನ್ನೇ ಸೃಷ್ಟಿಸಿರುತ್ತದೆ. ನಿಷೇಧಿಸಿದರೆ ಮನೆಯಲ್ಲಿ ಕದ್ದು ಬಳಸುತ್ತಾರೆ. ಅದರ ಬದಲು ಎಐಗೆ ಎದುರಾಳಿಯ ಪಾತ್ರ ಕೊಡಿ. ‘ನನ್ನ ಸರಪಳಿಯಲ್ಲಿ ದುರ್ಬಲ ಕೊಂಡಿ ಯಾವುದು?’ ಎಂದು ಕೇಳಿಸಿ, ಬಂದ ಉತ್ತರವನ್ನು ಮಗು ಖಂಡಿಸಲಿ. ಅದು ಹೇಳಿದ ಸಂಗತಿ ಕಾರ್ಡಿಗೆ ಬರಬೇಕಾದರೆ ಬೇರೆ ಕಡೆ ಒರೆಗೆ ಹಚ್ಚಿರಬೇಕು. ಹೇಗಿದ್ದರೂ 2 ನಿಮಿಷದ ಪ್ರಶ್ನೆಯ ಮುಂದೆ ಎರವಲು ಭಾಷಣ ನಿಲ್ಲುವುದಿಲ್ಲ.

ಹುಡುಗಿಯರು ಟಿಪ್ಪಣಿ ಬರೆಯುವುದು, ಹುಡುಗರು ಮಾತಾಡುವುದು ಎಂದು ತಂಡಗಳು ತಾವಾಗಿಯೇ ಹಂಚಿಕೊಂಡುಬಿಡುತ್ತವೆ. ಪ್ರಶ್ನೆ ಕೇಳುವ ಸ್ಥಾನವನ್ನು ಚೀಟಿ ಎತ್ತಿ ಕೊಡಿ. ಮನೆಯಲ್ಲಿ ಅಣ್ಣನಿಗೆ ಫೋನ್, ತನಗಿಲ್ಲ ಎಂಬ ಹುಡುಗಿಗೆ ಈ ವಿಷಯದಲ್ಲಿ ಹೇಳಲು ಹೆಚ್ಚೇ ಇರುತ್ತದೆ. ಅದೇ ಕಾರಣಕ್ಕೆ ‘ನಿನ್ನ ಅನುಭವ ಹೇಳು’ ಎಂದು ಯಾರನ್ನೂ ಒತ್ತಾಯಿಸಬೇಡಿ. ಅಂತರ್ಜಾಲದಲ್ಲಿ ಕಿರುಕುಳ ಅನುಭವಿಸಿದ ಮಗು ತರಗತಿಯಲ್ಲಿ ಇರಬಹುದು. ಸ್ವಂತ ಕತೆ ಆಧಾರವಾಗಿ ಬರುವಂತಿಲ್ಲ ಎಂಬ ನಿಯಮ ಎಲ್ಲರನ್ನೂ ಕಾಯುತ್ತದೆ. ಹಣದ ವಂಚನೆಯ ಮಾತು ಬಂದರೆ 1930 ಸಹಾಯವಾಣಿಯ ಸಂಖ್ಯೆಯನ್ನು ಬೋರ್ಡಿನಲ್ಲಿ ಬರೆಯಿರಿ.

ಸುಳ್ಳು ಸುದ್ದಿಯ ವಿಷಯ ಆಯ್ದುಕೊಂಡರೆ ಜಾತಿ, ಧರ್ಮಗಳ ಹೆಸರು ಬರುವ ಫಾರ್ವರ್ಡ್‌ಗಳನ್ನು ಉದಾಹರಣೆಯಾಗಿ ತರಿಸಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯಿಂದ ಒಬ್ಬರ ಕೊಲೆಯಾಯಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ತರುವುದಾಗಿ ಪ್ರಕಟಿಸಿತು. ‘ಇಂಥ ಮಿತಿಯನ್ನು ಕಂಪನಿಗೆ ಬಿಡಬೇಕೋ, ಕಾನೂನು ಮಾಡಬೇಕೋ?’ ಎಂಬ ಪ್ರಶ್ನೆ ಸಾಕು.

ಇನ್ನೊಂದು ಕೇಡು ಶಿಕ್ಷಕರಿಂದಲೇ. ‘ಮೊಬೈಲ್ ಕೆಟ್ಟದ್ದು’ ಎಂದು ಬೆಳಗ್ಗೆ ಪ್ರಾರ್ಥನೆಯಲ್ಲಿ ಹೇಳಿದವರು ಮಧ್ಯಾಹ್ನ ತೀರ್ಪು ಕೊಟ್ಟರೆ ಮಕ್ಕಳು ಅವರ ಮುಖ ನೋಡಿ ಮಾತಾಡುತ್ತಾರೆ. ತೀರ್ಪನ್ನು ಮೂವರು ಟಿಪ್ಪಣಿಕಾರ ವಿದ್ಯಾರ್ಥಿಗಳಿಗೆ ಬಿಡಿ. 2020ರ ಜೂನ್‌ನಲ್ಲಿ 5ನೇ ತರಗತಿವರೆಗಿನ ಆನ್‌ಲೈನ್ ಪಾಠಕ್ಕೆ ನಮ್ಮ ಸರ್ಕಾರ ತಡೆ ಹಾಕಿತ್ತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಗಳಿಗೇ ತಡೆ ಕೊಟ್ಟಿತು. ಹಿರಿಯರೇ ಒಂದು ತಿಂಗಳಲ್ಲಿ ಎರಡು ದಾರಿ ಹಿಡಿದ ಪ್ರಶ್ನೆಯಲ್ಲಿ ಮೇಷ್ಟ್ರ ಅಭಿಪ್ರಾಯಕ್ಕೆ ವಿಶೇಷ ತೂಕವೇನೂ ಇಲ್ಲ.

ಲಕೋಟೆ

ಎರಡನೇ ಚರ್ಚೆ ಮುಗಿದ ದಿನ ಎಲ್ಲರೂ ಒಂದೊಂದು ಚೀಟಿ ಬರೆಯಲಿ. ಒಂದು ವರ್ಷದೊಳಗೆ ಪರೀಕ್ಷಿಸಬಹುದಾದ ಮುನ್ನೋಟ, ಮತ್ತು ಅದು ನಿಜವಾಗುವ ಸಾಧ್ಯತೆ 100ಕ್ಕೆ ಎಷ್ಟು. ‘ಮುಂದಿನ ಫೆಬ್ರವರಿ 15ರಂದು ನಮ್ಮ ಸಂತೆಯ 20 ಅಂಗಡಿಗಳಲ್ಲಿ 16ಕ್ಕಿಂತ ಹೆಚ್ಚರಲ್ಲಿ ಕ್ಯೂಆರ್ ಕೋಡ್ ಇರುತ್ತದೆ: 70.’ ‘ಜಗತ್ತು ಬದಲಾಗುತ್ತದೆ’ ಎಂಬ ಚೀಟಿಯನ್ನು ವಾಪಸು ಕೊಡಿ.

ಲಕೋಟೆಗೆ ಅಂಟು ಹಾಕಿ ಬೀರುವಿನಲ್ಲಿಡಿ. ಆ ದಿನ ಬಂದಾಗ ತೆರೆದು ಅಂಕ ಹಾಕುವ ಕ್ರಮ ಹೀಗಿದೆ. ನಿಜವಾದರೆ 100ರಿಂದ, ಆಗದಿದ್ದರೆ 0ಯಿಂದ ಎಷ್ಟು ದೂರ ಇದ್ದಿರಿ ಎಂದು ನೋಡಿ, ಅದನ್ನು 10ರಿಂದ ಭಾಗಿಸಿ, ವರ್ಗ ಮಾಡಿ. 70 ಎಂದವರಿಗೆ ನಿಜವಾದರೆ 9, ಆಗದಿದ್ದರೆ 49. 50 ಎಂದವರಿಗೆ ಏನೇ ಆದರೂ 25. 100 ಎಂದು ಎದೆ ತಟ್ಟಿ ತಪ್ಪಿದವರಿಗೆ 100. ಇಲ್ಲಿ ಕಡಿಮೆ ಅಂಕ ಬಂದವರು ಗೆದ್ದ ಹಾಗೆ. ಚೀಟಿಗಳನ್ನು ಎಸೆಯಬೇಡಿ, ಮುಂದಿನ ಬ್ಯಾಚಿನ ಎರಡನೇ ಪೀರಿಯಡ್‌ಗೆ ಮೆಟ್‌ಕಾಫ್ ಜೊತೆ ಬೋರ್ಡಿನ ಮೇಲೆ ಬರೆಯಲು ಬೇಕಾಗುತ್ತವೆ, ಹೆಸರು ಮುಚ್ಚಿ.